ಬಳೆ ಅಂಗಡಿಯ ಮುಂದೆ ಕಪ್ಪು ಕನ್ನಡಕ

ಆ ದಿನ ಮಧ್ಯಾಹ್ನ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮಂಜಣ್ಣನ ಮನೆ ಕಟ್ಟೆಯ ಮೇಲೆ ಮೂವರಿದ್ದೆವು. ಮಂಜಣ್ಣ, ಅವನ ಹೆಂಡತಿ ಗೀತಾ, ಪಕ್ಕದ ಮನೆಯವನಾದ ನಾನು. ನಾಲ್ಕನೆಯವರಾಗಿ ಅಲ್ಲಿ ಕೂತಿರಬೇಕಾದ ಮಂಜಣ್ಣನ ತಾಯಿ ಹಾಲಮ್ಮ ಬೆಳಗಿನಿಂದ ಕಾಣೆಯಾಗಿದ್ದರು. ಮುಂದೆ ನಾನು ಹೇಳುವುದಕ್ಕೆಲ್ಲ ಈ ಗಂಡಹೆಂಡತಿ ಸಾಕ್ಷಿ. ಸಾಕ್ಷಿಯ ಮಾತು ಯಾಕೆ ಎತ್ತಿದೆನೆಂದರೆ, ಇಂಥ ಸಂಗತಿಯನ್ನು ಬೇರೆಯವರು ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ಹೀಗೆ ಕಂಡಿತು, ಹಾಗೆ ಕೇಳಿಸಿತು ಎಂಬುದೆಲ್ಲ ಕಣ್ಣಿನ ಮೋಸ, ಇಲ್ಲವೇ ಹೇಳುವವರ ಹುರುಪು ಎಂದು ನಂಬಿದವನು ನಾನು. ಈಗಲೂ ಬಹುಮಟ್ಟಿಗೆ ಹಾಗೆಯೇ ನಂಬುತ್ತೇನೆ. ಆ ಒಂದು ಫೋಟೊ ಮಾತ್ರ ನನ್ನ ನಂಬಿಕೆಯೊಳಗೆ ಕೂರುತ್ತಿಲ್ಲ.

ನನಗೆ ಬೀದಿಯ ಫೋಟೊ ತೆಗೆಯುವ ಹುಚ್ಚು. ಯಾರನ್ನೂ ನಿಲ್ಲಿಸಿ ನಗಿಸಿ ತೆಗೆಯುವವನಲ್ಲ. ಕ್ಯಾಮೆರಾ ಎದೆಯ ಮೇಲೆ ನೇತಾಡುತ್ತಿರುತ್ತದೆ, ಕೈ ತನ್ನ ಪಾಡಿಗೆ ಗುಂಡಿ ಒತ್ತುತ್ತದೆ. ಹೀಗೆ ತೆಗೆದ ಚಿತ್ರದ ಸೊಗಸು ಇರುವುದು ಅದರ ಹಿನ್ನೆಲೆಯಲ್ಲಿ. ಮುಂದೆ ಯಾರೋ ಟೀ ಕುಡಿಯುತ್ತಿದ್ದರೆ, ಹಿಂದೆ ಗೋಡೆ ಮೇಲಿನ ಬೆಕ್ಕು ಅವರನ್ನೇ ದುರುಗುಟ್ಟಿ ನೋಡುತ್ತಿರುತ್ತದೆ. ತೆಗೆಯುವಾಗ ನನಗೂ ಅದು ಗೊತ್ತಿರುವುದಿಲ್ಲ. ಮನೆಗೆ ಬಂದು ಒಂದೊಂದಾಗಿ ನೋಡುವಾಗ ಸಿಗುವ ಆ ಖುಷಿಗಾಗಿಯೇ ನಾನು ಊರು ಸುತ್ತುತ್ತೇನೆ.

ಹಾಲಮ್ಮನವರ ಸಂಗತಿ ಹೀಗಿತ್ತು. ಕಣ್ಣಿನ ಆಪರೇಷನ್‌ಗೆಂದು ಕೊಕ್ಕನೂರಿನಿಂದ ಮಗನ ಮನೆಗೆ ಬಂದಿದ್ದರು. ಅವರ ಯಜಮಾನರು ಊರಲ್ಲೇ ಹೊಲ ನೋಡಿಕೊಂಡಿದ್ದರು. ಆಪರೇಷನ್ ಆಗಿ, ಎರಡೂ ಕಣ್ಣು ಮುಚ್ಚುವಂಥ ದೊಡ್ಡ ಕಪ್ಪು ಕನ್ನಡಕ ಮೂಗಿನ ಮೇಲೆ ಕೂತಿತ್ತು. ಅದೇ ಹೊತ್ತಿಗೆ ಹೊಳೆ ತುಂಬಿತು. ಪ್ರತಿ ವರ್ಷ ತುಂಗಭದ್ರೆ ತುಂಬಿದಾಗ ಹರಿಹರಕ್ಕೆ ಹೋಗಿ, ಮೊರದಲ್ಲಿ ಅಕ್ಕಿ, ಬೇಳೆ, ಅರಿಶಿನ ಕುಂಕುಮ, ಕುಪ್ಪಸದ ಕಣ, ಹಸಿರು ಬಳೆ ಇಟ್ಟು, ಮೇಲೊಂದು ಮೊರ ಮುಚ್ಚಿ ಹೊಳೆಗೆ ಬಾಗಿನ ಕೊಡುವುದು ಅವರ ಪದ್ಧತಿ. ಗುತ್ತೂರಿನ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಂಜಣ್ಣ ಈ ಸಲ ಖಡಾಖಂಡಿತವಾಗಿ ಬೇಡವೆಂದ.

"ಕಣ್ಣಿಗೆ ನೀರು ಸೋಕ್‌ಬಾರ್ದು ಅಂತ ಡಾಕ್ಟ್ರು ಹೇಳ್ಯಾರೆ. ನೀನು ಹೊಳೆಗೆ ಇಳೀತೀನಿ ಅಂತೀಯಲ್ಲವ್ವಾ, ತಲಿ ಐತಾ?"

"ನಿನ್ನ ಹೊತ್ತಾಗ ತುಂಬಿದ ಬಸುರಿ, ಆವಾಗ್ಲೂ ಇಳಿದೀನಿ. ನೀನೇನ್ ನಂಗೆ ಬ್ಯಾಡ ಅನ್ನೋದು!"

ಗೋಡೆಯಾಚೆ ಇದ್ದ ನನಗೂ ಕೇಳಿಸಿದ ಜಗಳ ಅದು. ಮರುದಿನ ಗೀತಾ ಏಳುವಷ್ಟರಲ್ಲಿ ಅತ್ತೆಯ ಹಾಸಿಗೆ ಖಾಲಿ. ಮುನಿಸಿಕೊಂಡು ಕೊಕ್ಕನೂರಿಗೆ ಹೋಗಿದ್ದಾರೆ ಎಂದೇ ಎಲ್ಲರೂ ತಿಳಿದರು. ಮಗನ ಮೇಲೆ ಸಿಟ್ಟು ಬಂದಾಗಲೆಲ್ಲ ಅವರು ಹತ್ತುವುದು ಆ ಬಸ್ಸನ್ನೇ. ಮಧ್ಯಾಹ್ನದ ಹೊತ್ತಿಗೆ ಊರಿನಿಂದ ಯಜಮಾನರು ಫೋನಿನಲ್ಲಿ "ಇಲ್ಲಿಗೆ ಬಂದಿಲ್ಲಪ್ಪ" ಎಂದಾಗ ಮಂಜಣ್ಣ ಆ ದಾರಿಯುದ್ದಕ್ಕೂ ಹುಡುಕಿ ಬರುತ್ತೇನೆಂದು ಬೈಕಿನ ಕೀಲಿ ತಂದ.

ನಾನು ಆಗತಾನೇ ಪೇಟೆಯಿಂದ ಬಂದಿದ್ದೆ. ಬೆಳಗ್ಗೆ ಒಬ್ಬಾತ ಸೈಕಲ್ಲಿನ ಮೇಲೆ ಆನೆ ಗಾತ್ರದ ಮಂಡಕ್ಕಿ ಚೀಲಗಳನ್ನು ಹೇರಿಕೊಂಡು ಬರುತ್ತಿದ್ದದ್ದನ್ನು ತೆಗೆದಿದ್ದೆ. ಪೇಟೆಯಲ್ಲೇನಾದರೂ ಹಾಲಮ್ಮ ಕಣ್ಣಿಗೆ ಬಿದ್ದರಾ ಎಂದು ಗೀತಾ ಕೇಳಿದಾಗ ಇಲ್ಲವೆಂದೆ. ಹಾಗೆನ್ನುತ್ತಲೇ ಕ್ಯಾಮೆರಾದ ಪರದೆಯಲ್ಲಿ ಚಿತ್ರಗಳನ್ನು ಸರಿಸುತ್ತಿದ್ದೆ. ಮಂಡಕ್ಕಿ ಚೀಲಗಳ ಹಿಂದೆ, ಬಳೆ ಅಂಗಡಿಯ ಮುಂದೆ, ಸೊಂಟದ ಮೇಲೆ ಮೊರ ಹೊತ್ತು ಹಾಲಮ್ಮ ನಿಂತಿದ್ದರು! ಕಣ್ಣಿಗೆ ಅದೇ ಕಪ್ಪು ಕನ್ನಡಕ. ದಾವಣಗೆರೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮೊರ ಹೊತ್ತು ತಿರುಗುವವರು ಇನ್ನೆಷ್ಟು ಜನ ಇದ್ದಾರು?

"ಮೊರ! ಹೊಳಿಗೇ ಹೊಂಟಾಳೆ," ಎಂದು ಮಂಜಣ್ಣ ಬೈಕಿನ ಹತ್ತಿರ ಓಡಿದ. ಕೊಕ್ಕನೂರಿಗೆ ಹೊರಡುವುದರಲ್ಲಿದ್ದವನು ಆ ಫೋಟೊದಿಂದಾಗಿ ಹರಿಹರದ ದಾರಿ ಹಿಡಿದ. ಹಿಂದೆ ನಾನು ಕೂತೆ.

ದಾರಿಯಲ್ಲಿ ಬಳೆ ಅಂಗಡಿಯ ಮುಂದೆ ಒಂದು ಕ್ಷಣ ನಿಲ್ಲಿಸಿ ಕೇಳಿದೆವು. ಹಾಲಮ್ಮ ಪ್ರತಿ ವರ್ಷ ಬಾಗಿನದ ಬಳೆ ಕೊಳ್ಳುತ್ತಿದ್ದದ್ದು ಅಲ್ಲೇ. ಅಂಗಡಿಯ ಚಾಚಾ ತಲೆ ಅಲ್ಲಾಡಿಸಿದರು. "ಹಾಲಮ್ಮಾರಾ? ಇವತ್ತು ಬಂದಿಲ್ಲಪಾ. ಬಂದಿದ್ರೆ ರೇಟಿಗೆ ನನ್ ಕೂಡ ಜಗಳ ಆಡ್ದೆ ಹೋಗ್ತಿದ್ರಾ?"

ಹರಿಹರದಲ್ಲಿ ಹೊಳೆ ಕೆಂಪಗೆ ಉಕ್ಕುತ್ತಿತ್ತು. ಮೇಲಿನಿಂದ ಇನ್ನೂ ನೀರು ಬಿಟ್ಟಿದ್ದಾರೆಂದು ದಂಡೆಯ ಜನ ಮಾತಾಡಿಕೊಳ್ಳುತ್ತಿದ್ದರು. ಜನ ಓಡಾಡದ ಒಂದು ಮೂಲೆಯಲ್ಲಿ, ಕೆಳಗಿನ ಮೆಟ್ಟಿಲ ಮೇಲೆ ಹಾಲಮ್ಮ ಕೂತಿದ್ದರು. ಬಲಗಾಲು ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನೀರು ಮೊಣಕಾಲಿಗೆ ಬಂದಿತ್ತು. ಬಾಗಿನವನ್ನು ಮಾತ್ರ ನೆನೆಯದಂತೆ ತೊಡೆಯ ಮೇಲೆ ಭದ್ರವಾಗಿ ಹಿಡಿದಿದ್ದರು. ಮಂಜಣ್ಣ ನೀರಿಗೆ ಇಳಿದು, ಕಲ್ಲನ್ನು ಅಲುಗಿಸಿ ಕಾಲು ಬಿಡಿಸಿದ. ಬೈಯಬೇಕೆಂದು ಬಾಯಿ ತೆರೆದವನು ಅಳುವುದಕ್ಕೇ ಶುರುಮಾಡಿದ.

ಮೇಲೆ ಕೂತಿದ್ದ ಹೂವಿನವಳು ಓಡಿಬಂದಳು. "ಬಿಸ್ಲು ಏರೋಕ್ ಮುಂಚೆ ಬಂದು ಕುಂತಾರಣ್ಣ. ಎರಡು ಸಲ ಕೇಳಿದ್ನಿ. ಮಗ ಬರ್ತಾನೆ, ನೀ ಹೋಗವ್ವ ಅಂದ್ರು. ಕಾಲು ಸಿಕ್ಕಿದ್ದು ಹೇಳ್ಲೇ ಇಲ್ಲ. ಅಲ್ಲಿಂದ ಒಂದು ಸಲಾನೂ ಎದ್ದಿಲ್ಲ, ನಾ ಇಲ್ಲೇ ಇದ್ನಿ."

ನಾನು ಬೆಚ್ಚಿದೆ. ಆ ಫೋಟೊ ತೆಗೆದಾಗ ಪೇಟೆಯಲ್ಲಿ ಬಿಸಿಲು ಚೆನ್ನಾಗಿ ಏರಿತ್ತು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ, ಹಾಲಮ್ಮ ತಾವಾಗಿಯೇ ಶುರುಮಾಡಿದರು. "ಅವಸರದಾಗೆ ಬಳೀ ಮರ್ತು ಬಂದೆ ಕಣಪ್ಪ. ಬಳೀ ಇಲ್ಲದ ಬಾಗಿನ ಹೆಂಗೆ ಕೊಡೋದು? ಎದ್ದು ಹೋಗಾನ ಅಂದ್ರೆ ಕಾಲು ಜಾರಿ ಸಿಕ್ಕಂತು. ಬೆಳಿಗ್ಗಿಂದ ಆ ಚಾಚಾನ ಅಂಗಡೀನೇ ಕಣ್ಣಿಗೆ ಕಟ್ಟಿದಂಗೆ ಐತೆ."

ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿ, ಕಣ್ಣಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಅವರಿಗೆ ಫೋಟೊ ತೋರಿಸಿದೆ. ಒಂದಿಷ್ಟೂ ಆಶ್ಚರ್ಯಪಡಲಿಲ್ಲ. "ಕಾಲು ಕಲ್ನಾಗೆ ಸಿಕ್ಕಂಡಿತ್ತು. ಮನಸೂ ಸಿಕ್ಕಂಡಿತ್ತೇನು?" ಎಂದು ನನ್ನನ್ನೇ ಕೇಳಿದರು.

ನಾನು ಅಷ್ಟಕ್ಕೆ ಬಿಡುವವನಲ್ಲ. ಕ್ಯಾಮೆರಾದ ಗಡಿಯಾರ ಪರೀಕ್ಷಿಸಿದೆ, ಸರಿಯಾಗಿತ್ತು. ಹಿಂದಿನ ಚಿತ್ರ, ಮುಂದಿನ ಚಿತ್ರ ನೋಡಿದೆ. ಎರಡರಲ್ಲೂ ಅಂಗಡಿಯಿತ್ತು, ಹಾಲಮ್ಮ ಇರಲಿಲ್ಲ. ಹೂವಿನವಳಿಗೆ ಹೊತ್ತು ತಪ್ಪಿರಬಹುದು, ಫೋಟೊದಲ್ಲಿರುವುದು ಬೇರೆ ಹೆಂಗಸಿರಬಹುದು ಎಂದುಕೊಂಡು ದೊಡ್ಡದು ಮಾಡಿ ನೋಡಿದೆ. ಮುಖ ಅವರದೇ. ಇನ್ನೂ ಒಂದು ಕಂಡಿತು. ಅವತ್ತು ದಾವಣಗೆರೆಯಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಬೀದಿಯಲ್ಲಿ ಧೂಳಿತ್ತು. ಬಳೆ ಅಂಗಡಿಯ ಮುಂದೆ ನಿಂತವರ ಸೀರೆ ಮಾತ್ರ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಇದಕ್ಕೆ ಏನು ಹೇಳಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಿಮಗೆ ತಿಳಿದರೆ ಸಂತೋಷ.

ಆ ಬಾಗಿನ ಅವತ್ತು ಹೊಳೆ ಸೇರದೆ ಮನೆಗೆ ವಾಪಸ್ ಬಂತು. ಹಾಲಮ್ಮ ಎಷ್ಟೋ ದಿನ ಮಗನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಮರುವರ್ಷ ಹೊಳೆ ತುಂಬಿದ ಸುದ್ದಿ ಬಂದಾಗ ಮಂಜಣ್ಣ ಯಾರೂ ಹೇಳದೆಯೇ ಫ್ಯಾಕ್ಟರಿಗೆ ರಜೆ ಹಾಕಿದ. ಎಲ್ಲರೂ ಹರಿಹರಕ್ಕೆ ಹೋದೆವು. ಹಾಲಮ್ಮನವರಿಗೆ ಆ ಕಾಲಿನಿಂದ ಮೆಟ್ಟಿಲು ಇಳಿಯಲಾಗಲಿಲ್ಲ, ಮೇಲೆಯೇ ಕೂತರು. ಗೀತಾ ಮೊರ ಹಿಡಿದು ಇಳಿದಳು. ಮಂಜಣ್ಣ ಅವಳ ತೋಳು ಹಿಡಿದುಕೊಂಡ. "ಬಗ್ಗಿ ಬಿಡ್ರೋ, ಎಸೀಬ್ಯಾಡ್ರಿ!" ಎಂದು ಮೇಲಿನಿಂದ ಹಾಲಮ್ಮ ಕೂಗಿದರು. ಗಂಡಹೆಂಡತಿ ಬಗ್ಗಿ ಬಾಗಿನವನ್ನು ನೀರಿಗೆ ಬಿಟ್ಟರು.