ಪಿಚ್ಚರಿನಲ್ಲಿ ಬಿಡದ ಕೈ

ಮುಂದೇನಾಗುತ್ತದೆಂದು ಅಕ್ಷರಶಃ ಗೊತ್ತಿರುವ ಸಿನಿಮಾವೊಂದನ್ನು ನೋಡುತ್ತ ಕುಳಿತಾಗಲೂ, ಚುರುಮುರಿಯ ತಾಟಿನಿಂದ ಬಾಯಿಗೆ ಹೊರಟ ಕೈ ನಡುದಾರಿಯಲ್ಲೇ ನಿಂತುಬಿಡುವುದೇಕೆ ಎಂಬುದು ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ಕ್ಷುಲ್ಲಕ ಪ್ರಶ್ನೆ. ಹೊಳೆಯ ಮೇಲೆ ಚಾಚಿಕೊಂಡ ಬಂಡೆಯ ಅಂಚಿನಿಂದ ಒಬ್ಬ ಹುಡುಗ ಜೋತಾಡುತ್ತಿದ್ದಾನೆ; ಅವನಿಗಿಂತ ತುಸು ದೊಡ್ಡ ಹುಡುಗಿಯೊಬ್ಬಳು ಬಂಡೆಯ ಮೇಲೆ ಬೋರಲಾಗಿ ಮಲಗಿ ಅವನ ಮಣಿಕಟ್ಟು ಹಿಡಿದಿದ್ದಾಳೆ. ಅವನು ಬೀಳುವುದಿಲ್ಲ. ನಾನು ನೋಡಿದ ಪ್ರತಿಸಲವೂ ಬದುಕಿದ್ದಾನೆ, ನಾನು ನೋಡದಿದ್ದಾಗ ಬಿದ್ದ ವರದಿಯೂ ಬಂದಿಲ್ಲ. ಆದರೂ ಆ ದೃಶ್ಯ ಹತ್ತಿರ ಬರುತ್ತಿದ್ದಂತೆ ಪಕ್ಕದವರು ಏನಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಆ ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮಗೆ ಗೊತ್ತಾಗದಿರಬಹುದು, ಗೊತ್ತಾದರೆ ನೀವು ನಗಬಹುದು. ಎರಡೂ ನನಗೆ ಸಹಿಸಲಾಗದ ಸಂಗತಿಗಳು. ಐವರು ಮಕ್ಕಳು, ಹರಿದ ಒಂದು ನಕ್ಷೆ, ಹೊಳೆಯ ನಡುಗಡ್ಡೆಯ ಪಾಳುಗುಡಿಯೊಳಗೆ ಒಂದು ನಿಧಿ, ಅದರ ಬೆನ್ನು ಹತ್ತಿದ ಕಳ್ಳರ ಗುಂಪು: ಇಷ್ಟೇ ಅದರ ಬಂಡವಾಳ. ಕಳ್ಳರ ನಾಯಕನ ಮೀಸೆ ಮಧ್ಯಂತರಕ್ಕೆ ಮೊದಲೇ ಒಂದು ಕಡೆ ಅಂಟು ಬಿಟ್ಟಿರುತ್ತದೆ. ಮಕ್ಕಳನ್ನು ಅಟ್ಟಿಸಿಕೊಂಡು ಬರುವ ಮೊಸಳೆಯ ಹೊಟ್ಟೆಯ ಮೇಲೆ ಹೊಲಿಗೆ ಕಾಣುತ್ತದೆ. ಜಮಖಂಡಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ, ಆಧಾರವಿಲ್ಲದೆ ಏನನ್ನೂ ನಂಬಬೇಡಿರೆಂದು ವರ್ಷಕ್ಕೆ ನೂರು ವಿದ್ಯಾರ್ಥಿಗಳಿಗೆ ಗಂಭೀರ ಮುಖ ಮಾಡಿಕೊಂಡು ಉಪದೇಶಿಸುವ ನಾನು, ಅಂಗಡಿಯ ಕಂದು ಕಾಗದದ ಮೇಲೆ ಬರೆದ ಆ ‘ಪುರಾತನ’ ನಕ್ಷೆಯನ್ನು ಇವತ್ತಿಗೂ ಚಕಾರವೆತ್ತದೆ ನಂಬುತ್ತೇನೆ.

ಮೊದಲ ಸಲ ಅದನ್ನು ನೋಡಿದ್ದು ಬೀಳಗಿಯಲ್ಲಿ. ಆಗ ನಾನು ಎಂಟನೆಯ ಇಯತ್ತೆ, ನನ್ನ ತಂಗಿ ಗಿರಿಜಾ ನಾಲ್ಕನೆಯ ಇಯತ್ತೆ. ಶಾಲೆಯ ಮಕ್ಕಳಿಗೆಂದೇ ಹಾಕಿದ ಬೆಳಗಿನ ಆಟಕ್ಕೆ ನಮ್ಮನ್ನು ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ತುಂಬಿಕೊಂಡು ಹೋಗಿದ್ದರು. ಬಂಡೆಯ ದೃಶ್ಯ ಬಂದಾಗ ಗಿರಿಜಾ ನನ್ನ ತೋಳಿಗೆ ಮುಖ ಒತ್ತಿಕೊಂಡು, ‘ಬಿಟ್ಲೇನ ಅಕ್ಕಾ, ಬಿಟ್ಲೇನ?’ ಎಂದು ಕೇಳುತ್ತಲೇ ಇದ್ದಳು. ‘ಬಿಡಂಗಿಲ್ಲ, ಸುಮ್ನ ನೋಡು’ ಎಂದು ನಾನು ಆ ಸಿನಿಮಾ ತೆಗೆದವಳಂತೆ ಭರವಸೆ ಕೊಟ್ಟೆ. ಊರಿಗೆ ಮರಳಿದ ಮೇಲೆ ವಾರಗಟ್ಟಲೆ ನಮ್ಮದು ಅದೊಂದೇ ಆಟ. ಮನೆಯ ಮುಂದಿನ ಕಲ್ಲುಗಳ ಮೇಲೆ ನಾನು ಬೋರಲಾಗಿ ಮಲಗುವುದು, ಅವಳು ಕೆಳಗೆ ಕುಳಿತು ಕೈ ಮೇಲೆತ್ತಿ ಚೀರುವುದು.

ಆ ಕಲ್ಲುಗಳ ವಿಷಯ ಇಲ್ಲಿ ಹೇಳಲೇಬೇಕು. ಅಣೆಕಟ್ಟಿನ ಹಿನ್ನೀರು ಮೊದಲ ಸಲ ನಮ್ಮ ಸೀಮೆಗೆ ಏರಿ ಬಂದ ವರ್ಷ ಅದು. ಅದಕ್ಕೂ ಮುಂಚೆಯೇ ನಾವು ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಬಂದಿದ್ದೆವು. ಬರುವಾಗ ಯಾರೂ ಬರಿಗೈಯಲ್ಲಿ ಬರಲಿಲ್ಲ. ಮುಳುಗಡೆಯ ಊರುಗಳಲ್ಲಿ ಎಲ್ಲರೂ ಮಾಡಿದ ಹಾಗೆ ನಮ್ಮವರೂ ಬಾಗಿಲು, ಚೌಕಟ್ಟು, ತೊಲೆ, ಜಂತಿ, ಹೊಸ್ತಿಲು ಎಲ್ಲವನ್ನೂ ಬಿಚ್ಚಿ ಚಕ್ಕಡಿಗೆ ಹೇರಿದರು. ನೀರಿನ ಪಾಲಾಗುವುದರಿಂದ ಒಂದು ಮೊಳೆಯನ್ನಾದರೂ ಉಳಿಸಿಕೊಂಡರೆ ಗೆದ್ದಂತೆ ಎಂಬ ಹಟ ಎಲ್ಲರಿಗೂ ಹಿಡಿದಿತ್ತು. ಅಪ್ಪ ಚಕ್ಕಡಿಯ ಕೊನೆಯ ಖೇಪಿನಲ್ಲಿ ಹೊಲದ ಬಾವಿಯ ಕಟ್ಟೆಯ ಕಲ್ಲುಗಳನ್ನೂ ಕಿತ್ತು ತಂದು ಹೊಸ ಮನೆಯ ಮುಂದೆ ಕೂಡಲು ಹಾಸಿದ. ಸಂಜೆ ಅವುಗಳ ಮೇಲೆ ಕುಳಿತು ಅವ್ವ ಅವರೆಕಾಯಿ ಸುಲಿಯುತ್ತಿದ್ದಳು.

ನಿಧಿಯಿಲ್ಲದೆ ಸಾಹಸವಿಲ್ಲ. ನಮ್ಮ ನಿಧಿ ಹಳೆಯ ಹೊಲದ ಬೇವಿನ ಗಿಡದ ಪೊಟರೆಯಲ್ಲಿತ್ತು: ಬಳೆಚೂರು, ಗಾಜಿನ ಗೋಲಿ, ಒಂದು ಮುರಿದ ಕೈಗಡಿಯಾರ ತುಂಬಿದ ಪೌಡರಿನ ಡಬ್ಬಿ. ಹೊಲ ನೀರಿನಡಿಗೆ ಹೋಗಿತ್ತಾದರೂ ಗಿಡದ ಬುಡವಷ್ಟೇ ಮುಳುಗಿತ್ತು, ಪೊಟರೆ ಇನ್ನೂ ಮೇಲಿತ್ತು. ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾವಿಬ್ಬರೇ ಅತ್ತ ಹೊರಟೆವು. ಈಜು ಬರುತ್ತಿತ್ತೇ ಎಂದು ಕೇಳುತ್ತೀರಿ. ಬರುತ್ತಿರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ. ಪರರ ಹೊಳೆಗೆ ಇಳಿಯುವವರು ಅಂಜಬೇಕು, ಇದು ನಮ್ಮ ಹೊಲ. ಯಾವ ಬದು ಎಲ್ಲಿ ತಿರುಗುತ್ತದೆ, ಎಲ್ಲಿ ತಗ್ಗು, ಎಲ್ಲಿ ಹುಣಸೆ ಗಿಡದ ಬೇರು ಕಾಲಿಗೆ ತೊಡರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲ ನಾವು ನಮ್ಮದೇ ಹೊಲದಲ್ಲಿ ಮುಳುಗುವುದುಂಟೇ? ಮುಳುಗಡೆಯ ಜನ ಮಾತ್ರ ಮಾಡಬಹುದಾದ ತಪ್ಪು ಇದು. ದೊಡ್ಡವರೂ ಮಾಡುತ್ತಿದ್ದರು, ನೀರಿನ ಮೇಲೆ ಬೆರಳು ಚಾಚಿ ‘ಇದು ಹನಮಪ್ಪನ ಗುಡಿ ಓಣಿ’ ಎಂದು ಹೇಳುತ್ತ ಮೊಣಕಾಲು ನೀರಿನಲ್ಲಿ ನಡೆದೇ ಹೋಗುತ್ತಿದ್ದರು.

ನೀರು ನನ್ನ ಸೊಂಟಕ್ಕೆ ಬಂದಿತ್ತು, ಗಿರಿಜಾಳ ಎದೆಗೆ. ಅವಳ ಎಡಗೈ ನನ್ನ ಬಲಗೈಯಲ್ಲಿತ್ತು. ಕೆಳಗೆ ಎರೆಮಣ್ಣು ಪಾದವನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಗಿಡಕ್ಕಿಂತ ಇತ್ತ, ಬಲಗಡೆ, ಬಾವಿ ಇದೆಯೆಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕಾಗಿಯೇ ನಾನು ಜಾಣತನದಿಂದ ಬಾವಿಯ ಕಟ್ಟೆಯನ್ನು ಹುಡುಕುತ್ತಿದ್ದೆ. ಕಟ್ಟೆ ಎತ್ತರವಿತ್ತಲ್ಲ, ನೀರಿನ ಮೇಲೆ ಕಾಣಲೇಬೇಕು. ಕಾಣುತ್ತಿಲ್ಲವೆಂದರೆ ಬಾವಿ ಇನ್ನೂ ಮುಂದಿದೆ ಎಂಬುದು ನನ್ನ ತರ್ಕ. ದಿನವೂ ಅದೇ ಕಟ್ಟೆಯ ಕಲ್ಲುಗಳ ಮೇಲೆ ಮಲಗಿ ಸಾಹಸ ಮೆರೆದವಳಿಗೆ, ಆ ಕಲ್ಲುಗಳು ಮನೆಯ ಮುಂದಿದ್ದರೆ ಬಾವಿಯ ಬಳಿ ಇರಲಾರವೆಂಬ ಸರಳ ಸತ್ಯ ಹೊಳೆಯಲಿಲ್ಲ. ಇಂಥ ಬುದ್ಧಿಯನ್ನು ಇಟ್ಟುಕೊಂಡೇ ಮುಂದೆ ನಾನು ಎಂ.ಎ. ಮಾಡಿದೆ.

ಗಿರಿಜಾ ಒಂದು ಹೆಜ್ಜೆ ಮುಂದಿಟ್ಟಳು ಮತ್ತು ಇಲ್ಲವಾದಳು. ಚೀರಲಿಲ್ಲ, ಸಪ್ಪಳವೂ ಆಗಲಿಲ್ಲ. ನನ್ನ ಕೈ ಮಾತ್ರ ಜಗ್ಗಿತು, ಎಳೆಗರು ಹಗ್ಗವನ್ನು ಜಗ್ಗಿದ ಹಾಗೆ. ಕಾಲ ಕೆಳಗಿನ ಮಣ್ಣು ಬಾವಿಯ ಕಡೆಗೆ ಜಾರತೊಡಗಿತು. ಇಲ್ಲಿಯವರೆಗೆ ಎಷ್ಟೋ ಜನರಿಗೆ ಈ ಕಥೆ ಹೇಳಿದ್ದೇನೆ. ಇಲ್ಲಿಂದ ಮುಂದಿನದನ್ನು ಯಾರಿಗೂ ಹೇಳಿರಲಿಲ್ಲ. ನಾನು ಕೈ ಬಿಟ್ಟೆ. ಜಾರಿತು ಎನ್ನಬಹುದಿತ್ತು, ಹಾಗೆಯೇ ನನಗೆ ನಾನು ಹೇಳಿಕೊಂಡೂ ನೋಡಿದ್ದೇನೆ. ಜಾರಲಿಲ್ಲ, ಬೆರಳು ಬಿಚ್ಚಿ ಬಿಟ್ಟೆ. ಬಿಟ್ಟವಳು ತಿರುಗಿ ದಂಡೆಯ ಕಡೆಗೆ ನೀರನ್ನು ಬಡಿಯುತ್ತ ಓಡಿದೆ. ಎಷ್ಟು ಹೆಜ್ಜೆ ಓಡಿದೆನೋ ತಿಳಿಯದು. ಹಿಂದೆ ನೀರು ಬಡಿದ ಸದ್ದು ಕೇಳಿ ತಿರುಗಿದಾಗ ಅವಳ ತಲೆ ಮೇಲೆ ಬಂದಿತ್ತು, ಬಾಯಿ ತೆರೆದಿತ್ತು. ಬಾವಿಗೆ ಇಳಿಯಲೆಂದು ಒಳಗೋಡೆಯಿಂದ ಚಾಚಿದ್ದ ಮೆಟ್ಟಿಲುಗಲ್ಲು ಅವಳ ಕಾಲಿಗೆ ಸಿಕ್ಕಿತ್ತಂತೆ. ಮತ್ತೆ ಮುಳುಗಿದಳು. ಆಗ ನಾನು ಮರಳಿ ಓಡಿದೆ. ಹೈಸ್ಕೂಲಿನ ಸಮವಸ್ತ್ರದ ವೇಲನ್ನು ಕೊರಳಿಂದ ಕಿತ್ತು ಎಸೆದೆ. ಎರಡು ಸಲ ಅದು ನೀರಿನ ಮೇಲೆ ಸುಮ್ಮನೆ ಹಾಸಿಕೊಂಡಿತು, ಮೂರನೆಯ ಸಲ ಅವಳ ಕೈಗೆ ಸಿಕ್ಕಿತು. ಎಳೆದೆ.

ಮನೆಯಲ್ಲಿ ಹಲ್ಲು ಕಟಕಟಿಸುತ್ತ ಗಿರಿಜಾ ಆಡಿದ ಮೊದಲ ಮಾತು, ‘ಅಕ್ಕ ಕೈ ಬಿಡಲಿಲ್ಲವ್ವಾ’. ಅವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ಅಪ್ಪ ಬಾಗಿಲಲ್ಲೇ ನಿಂತು, ‘ಕಟ್ಟಿ ಕಲ್ಲ ಕಿತ್ತಿದ್ದು ನಂದ ತಪ್ಪು’ ಎಂದ. ಮರುದಿನ ಒಬ್ಬನೇ ಹೋಗಿ ಬಾವಿಯ ಜಾಗದಲ್ಲಿ ಗಳ ನೆಟ್ಟು ಕೆಂಪು ಅರಿವೆ ಕಟ್ಟಿ ಬಂದ. ಕಲ್ಲುಗಳನ್ನು ಹಿತ್ತಲಿಗೆ ಎಳೆದು ಹಾಕಿದ, ಮತ್ತೆ ಅವುಗಳ ಮೇಲೆ ಕೂಡಲಿಲ್ಲ. ತಪ್ಪೆಲ್ಲ ಅಪ್ಪನ ಪಾಲಿಗೆ, ಶಾಬಾಶಿಯೆಲ್ಲ ನನ್ನ ಪಾಲಿಗೆ. ಹೆದರಿದ ಕೂಸು ಸಿನಿಮಾವನ್ನೂ ನಡೆದದ್ದನ್ನೂ ಕಲಸಿಕೊಂಡಿದೆ, ಸ್ವಲ್ಪ ದಿನಕ್ಕೆ ತಾನೇ ಸರಿಹೋಗುತ್ತದೆ ಎಂದು ಸುಮ್ಮನಿದ್ದೆ. ಸರಿಹೋಗಲಿಲ್ಲ. ಅವಳು ಅದನ್ನು ಸೋದರತ್ತೆಯರಿಗೆ ಹೇಳಿದಳು, ಗೆಳತಿಯರಿಗೆ ಹೇಳಿದಳು, ತನ್ನ ಮದುವೆಯಲ್ಲಿ ಬೀಗರಿಗೂ ಹೇಳಿದಳು. ಅಪ್ಪ ತೀರಿಕೊಂಡಾಗಲೂ ನಾನು ಬಾಯಿ ಬಿಟ್ಟಿರಲಿಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಬಾಲ್ಯದ ಸಿನಿಮಾಗಳು ನಮ್ಮನ್ನೇಕೆ ಹೀಗೆ ಹಿಡಿದಿಡುತ್ತವೆ ಎಂಬುದಕ್ಕೆ ಬಲ್ಲವರು ಸೊಗಸಾದ ಕಾರಣ ಕೊಡುತ್ತಾರೆ: ಕಳೆದುಹೋದ ಮುಗ್ಧತೆ, ಮರಳಿ ಬಾರದ ರಜೆಯ ದಿನಗಳು, ಇತ್ಯಾದಿ. ಸ್ಟಾಫ್ ರೂಮಿನಲ್ಲಿ ನಾನೂ ಚಹಾ ಕುಡಿಯುತ್ತ ಇದನ್ನೇ ಒದರಿದ್ದೇನೆ. ಮುಧೋಳದ ಬಸ್‌ಸ್ಟ್ಯಾಂಡಿನ ಹತ್ತಿರ ಅದರ ಸೀಡಿ ಸಿಕ್ಕಾಗ ನಿಧಿ ಸಿಕ್ಕಷ್ಟೇ ಹಿಗ್ಗಿದ್ದೆ. ಆದರೆ ಖಾಸಗಿಯಾಗಿ ನಿಮಗೆ ಹೇಳುತ್ತೇನೆ, ನಾನು ಅದರಲ್ಲಿ ಮತ್ತೆ ಮತ್ತೆ ನೋಡುತ್ತಿದ್ದುದು ಆ ಹುಡುಗಿಯ ಬೆರಳುಗಳನ್ನು. ಒಂದೇ ಒಂದು ಸಲ, ಅರೆಕ್ಷಣಕ್ಕಾದರೂ, ಅವು ಸಡಿಲವಾದರೆ ನನಗೊಬ್ಬಳು ಜೊತೆಗಾತಿ ಸಿಕ್ಕಾಳೆಂಬ ಆಸೆ. ಹುಡುಗ ಬೀಳಬಾರದೆಂಬ ಭಯವೂ ಜೊತೆಗೇ ಇರುತ್ತಿತ್ತು. ಎರಡೂ ಒಟ್ಟಿಗೆ ಬಂದರೆ ಚುರುಮುರಿ ಗಂಟಲಲ್ಲಿ ಇಳಿಯುವುದಾದರೂ ಹೇಗೆ?

ಹೋದ ಬೇಸಿಗೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ ರಬಕವಿಯಲ್ಲಿ ಗಿರಿಜಾಳ ಮನೆಯಲ್ಲಿದ್ದೆ. ಅವಳ ಗಂಡನ ಮನೆಯವರದು ಮಗ್ಗದ ಕಸುಬು. ಓಣಿಯ ತುಂಬ ಪವರ್‌ಲೂಮುಗಳ ಖಟಖಟ. ಅಲ್ಲಿ ಗುಟ್ಟನ್ನು ಕೂಗಿಯೇ ಹೇಳಬೇಕು. ಟೀವಿಯಲ್ಲಿ ಅದೇ ಸಿನಿಮಾ ಬಂತು. ಗಿರಿಜಾಳ ಏಳು ವರ್ಷದ ಮಗಳು ಭೂಮಿಕಾ ನಮ್ಮಿಬ್ಬರ ನಡುವೆ ಕುಳಿತಳು. ಮರುದಿನ ನಾನು ಅವಳನ್ನು ಹಿಪ್ಪರಗಿಯ ಕಡೆ ಹೊಳೆಗೆ ಕರೆದುಕೊಂಡು ಹೋಗುವುದೆಂದಾಗಿತ್ತು. ಸೀರೆಯ ಕೆಲಸ ಮುಗಿಯದ ಕಾರಣ ಗಿರಿಜಾ ಬರುವಂತಿರಲಿಲ್ಲ. ಪರದೆಯ ಮೇಲೆ ಹುಡುಗ ಬಂಡೆಯಿಂದ ಜಾರಿದ, ಹುಡುಗಿ ಮಣಿಕಟ್ಟು ಹಿಡಿದಳು, ಮತ್ತು ಸರಿಯಾಗಿ ಆಗಲೇ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು.

‘ಅವ್ವಾ, ಆಕಿ ಕೈ ಬಿಡ್ತಾಳೇನ?’ ಭೂಮಿಕಾ ಕೇಳಿದಳು.

‘ಬಿಡಂಗಿಲ್ಲ’ ಎಂದಳು ಗಿರಿಜಾ. ‘ನಾ ಬಾಂವ್ಯಾಗ ಬಿದ್ದಾಗ ನಿಮ್ಮ ದೊಡ್ಡವ್ವ ಬಿಟ್ಟಿದ್ಲೇನ? ಹಿಂಗ ಹಿಡದಿದ್ಲು. ನಾಳಿ ನೀನೂ ದೊಡ್ಡವ್ವನ ಕೈ ಹಿಡಕೊಂಡು ನೀರಾಗ ಇಳಿ, ಏನೂ ಅಂಜಬ್ಯಾಡ.’

ಕೂಸು ನನ್ನ ಕಡೆಗೆ ನೋಡಿದ ನೋಟದಲ್ಲಿ ಸಂಶಯದ ಒಂದು ಎಳೆಯೂ ಇರಲಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇಷ್ಟು ವರ್ಷ ನಾನು ಪಡೆದದ್ದು ಬರೀ ಶಾಬಾಶಿ. ಈಗ ಆ ಸುಳ್ಳನ್ನು ನಂಬಿ ಒಂದು ಮಗು ನೀರಿಗೆ ಇಳಿಯುತ್ತದೆ. ಕೂಗಿ ಹೇಳಬೇಕಾಗುವಂಥ ಮಗ್ಗದ ಸದ್ದೂ ಈಗ ಇರಲಿಲ್ಲ.

‘ಗಿರಿಜಾ, ನಾ ಕೈ ಬಿಟ್ಟಿದ್ದೆ’ ಎಂದೆ. ‘ಬಿಟ್ಟು ಓಡಿ ಹೋಗಿದ್ದೆ. ಆಮ್ಯಾಲೆ ತಿರುಗಿ ಬಂದೆ.’

ಗಿರಿಜಾ ಮಡಿಲ ಮೇಲಿನ ಮೊರದ ಅಕ್ಕಿಯಿಂದ ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು. ‘ನೀ ಬಿಟ್ಟಿದ್ದು ನನ್ನ ಕೈ ಅಲ್ಲೇನ ಬೇ ಅಕ್ಕಾ? ನನಗ ಗೊತ್ತಾಗದ ಇರತೈತೇನ?’

‘ಮತ್ತ ಇಷ್ಟ ವರ್ಷ ಹಂಗ ಯಾಕ ಹೇಳಿದಿ?’ ಎಂದೆ.

‘ಸುಳ್ಳ ಎಲ್ಲೆ ಹೇಳೇನಿ? ನೀರಿಂದ ಎತ್ತಿದಾಕಿ ಮನಿ ತನಕ ಕೈ ಹೆಂಗ ಹಿಡದಿದ್ದಿ, ನೆನಪೈತೇನ ನಿನಗ? ಬಳಿ ಒಡದು ರಕ್ತ ಸುರಿಯಾಕತ್ತಿತ್ತು. ನೋಯಾಕತ್ತೈತಿ ಬಿಡ ಅಕ್ಕಾ ಅಂತ ಅತ್ತೆ, ಬಿಡಲಿಲ್ಲ. ಅವ್ವ ಬಂದು ನಿನ್ನ ಬೆರಳು ಒಂದೊಂದ ಬಿಚ್ಚಿದ್ಲು. ನಾ ಹೇಳೂದು ಅದನ್ನ’ ಎಂದು ಎಡ ಮಣಿಕಟ್ಟನ್ನು ನನ್ನ ಮುಂದೆ ಚಾಚಿದಳು. ಬಳೆ ಹಿಂದೆ ಸರಿಸಿದರೆ ಅಲ್ಲಿ ಅಕ್ಕಿಕಾಳಿನಷ್ಟು ಉದ್ದದ ಒಂದು ಬಿಳಿ ಗುರುತು ಇತ್ತು.

ನನಗೆ ಅದು ಸ್ವಲ್ಪವೂ ನೆನಪಿರಲಿಲ್ಲ. ಈಗಲೂ ಇಲ್ಲ. ಆಧಾರ, ಆಧಾರ ಎಂದು ಜಪಿಸುವ ಇತಿಹಾಸದ ಮೇಡಂ ತನ್ನ ವಿರುದ್ಧದ ಸಾಕ್ಷಿಯನ್ನಷ್ಟೇ ಜತನದಿಂದ ಕಾಪಾಡಿಕೊಂಡು, ಉಳಿದ ಅರ್ಧವನ್ನು ತಂಗಿಯ ಮೈಮೇಲೆ ಬಿಟ್ಟು ಬಂದಿದ್ದಳು. ಅಪ್ಪ ಇದ್ದಾಗಲೇ ಬಾಯಿ ಬಿಟ್ಟು ಇದನ್ನು ಅವಳಿಂದ ಕೇಳಬಹುದಿತ್ತಲ್ಲ ಎಂದು ಕಣ್ಣು ತುಂಬಿ ಬಂತು. ಗಿರಿಜಾ ಕೈ ಹಿಂದೆಳೆದುಕೊಳ್ಳಲಿಲ್ಲ.

ಕರೆಂಟು ಬಂತು, ಮಗ್ಗಗಳೆಲ್ಲ ಮತ್ತೆ ಖಟಖಟಿಸತೊಡಗಿದವು. ಟೀವಿ ಹತ್ತಿಕೊಳ್ಳುವಷ್ಟರಲ್ಲಿ ಬಂಡೆ, ಹೊಳೆ ಎಲ್ಲ ಹಿಂದಾಗಿ ಐವರೂ ಮಕ್ಕಳು ಪಾಳುಗುಡಿಯ ಮೆಟ್ಟಿಲು ಹತ್ತುತ್ತಿದ್ದರು. ನಡುವಿನದು ತಪ್ಪಿಹೋಯಿತೆಂದು ಭೂಮಿಕಾ ಮುಖ ಊದಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಮಗ್ಗದ ಸದ್ದನ್ನು ಮೀರಿ ಕೂಗಿ ಕೇಳಿದಳು: ‘ದೊಡ್ಡವ್ವಾ, ಹಂಗಾರ ನಾಳಿ ಹೊಳಿಗೆ ಹೋಗೂದು ಇಲ್ಲೇನ?’

‘ಹೋಗೂಣು’ ಎಂದು ನಾನೂ ಕೂಗಿಯೇ ಹೇಳಿದೆ. ‘ಆದ್ರ ನಾನೊಬ್ಬಾಕಿ ಹಿಡದ್ರ ಸಾಲೂದಿಲ್ಲವ್ವಾ, ನೀನೂ ನನ್ನ ಕೈ ಗಟ್ಟಿ ಹಿಡಕೋಬೇಕು.’