ದಸ್ತಗೀರ್ ಅಂಕಲ್ ಥ್ಯಾಂಕ್ಯೂ ಹೇಳಲಿಲ್ಲ

ಸಾವಿನ ಮನೆಯಲ್ಲಿ ಅಳುವವರ ಎದುರು ಕುಳಿತು ನೀವು ಯಾವತ್ತಾದರೂ ಚಪ್ಪಾಳೆ ತಟ್ಟಿದ್ದೀರಾ? ನಾವು ತಟ್ಟಿದೆವು. ಕಳೆದ ಭಾನುವಾರ ಮಧ್ಯಾಹ್ನ, ಶಿಕಾಗೊ ಬಳಿಯ ಲೊಂಬಾರ್ಡ್‌ನ ಒಂದು ಪಾರ್ಕಿನಲ್ಲಿ, ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ, ಮಡಿಸುವ ಕುರ್ಚಿ ಹಾಕಿಕೊಂಡು, ಐಸ್ ಟೀ ಹೀರುತ್ತ.

ಮೊದಲಿನಿಂದ ಹೇಳುತ್ತೇನೆ.

ಶಿಕಾಗೊದ ಇನ್ನೊಂದು ಉಪನಗರ ಸ್ಕೋಕಿಯಲ್ಲಿ ದಸ್ತಗೀರ್ ಅಂಕಲ್ ಅವರ ಟೈಲರ್ ಅಂಗಡಿ ಇದೆ. ಗದಗಿನ ಕಡೆಯವರು, ಅರವತ್ತು ದಾಟಿದೆ. ಇಲ್ಲಿಗೆ ಬಂದು ಇಪ್ಪತ್ತೈದು ವರ್ಷವಾಯಿತು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೋಟಿನ ಸೊಂಟ ಬಿಡಿಸುವುದು ಅವರ ಕೆಲಸ. (ಅಮೆರಿಕದಲ್ಲಿ ಎರಡನೆಯದಕ್ಕೇ ಬೇಡಿಕೆ ಹೆಚ್ಚು.) ಹೊಲಿಯುವಾಗ ಅವರು ರಿವಾಯತ್ ಪದ ಗುನುಗುತ್ತಾರೆ. ಮೊಹರಂ ಬಂತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕರ್ಬಲಾದಲ್ಲಿ ಮಡಿದವರ ಕಥೆಯನ್ನು ಕನ್ನಡದಲ್ಲಿ ಕಟ್ಟಿ ಹಾಡುತ್ತಾರಲ್ಲ, ಅದು. ಹಿಂದೂಗಳು, ಮುಸ್ಲಿಮರು ಸೇರಿಯೇ ಹಾಡುತ್ತಾರೆ. ಅಂಕಲ್‌ಗೆ ಕಲಿಸಿದ್ದು ಅವರ ಊರಿನ ಬಡಿಗೇರ ಈರಪ್ಪ.

ಪ್ಯಾಂಟ್ ಕೊಡಲು ಹೋದ ಗ್ರೆಗ್ ಎಂಬಾತ ಈ ಪದ ಕೇಳಿ ಬಾಗಿಲಲ್ಲೇ ನಿಂತುಬಿಟ್ಟನಂತೆ. ಸ್ಯಾಕ್ಸೊಫೋನ್ ನುಡಿಸುವವನು. ಒಂದು ತಂಡ ಕಟ್ಟಿದ್ದಾನೆ. ಐರಿಶ್ ಪಿಟೀಲು, ಮೆಕ್ಸಿಕೋದ ಗಿಟಾರ್, ಪೋಲೆಂಡಿನ ಅಕಾರ್ಡಿಯನ್, ಎಲ್ಲ ಉಂಟು. ಯಾವ ದೇಶದ ಜಾನಪದ ಸಿಕ್ಕರೂ ಜಾಝ್ ಬೆರೆಸಿ ಬಡಿಸುತ್ತಾರೆ. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್‌ನಲ್ಲಿ ಉಳಿದ ಪಲ್ಯವನ್ನೆಲ್ಲ ಒಂದೇ ಅಲ್ಯೂಮಿನಿಯಂ ಟ್ರೇಗೆ ಸುರಿದು ಅದಕ್ಕೊಂದು ಹೊಸ ಹೆಸರು ಇಡುತ್ತೇವಲ್ಲ, ಆ ಜಾತಿಯ ಅಡುಗೆ.

ನಮ್ಮ ಜೊತೆ ಹಾಡಿ ಎಂದು ಗ್ರೆಗ್ ಕೇಳಿಕೊಂಡ. ಅಂಕಲ್ ನನಗೆ ಫೋನ್ ಮಾಡಿದರು.

“ಇದು ಸತ್ತವರ ಪದ. ಅರ್ಥಾ ತಿಳಕೊಂಡು ಬಾರಸ್ತಾರ ಅಂದ್ರ ಹಾಡ್ತೀನಿ. ನೀವು ಬರಿಯೋರು, ನೀವ ಅವಗ ತಿಳಿಸಿ ಹೇಳ್ರಿ.”

ಆಗಲಿ ಅಂದೆ. ಎರಡು ಪುಟದ ಇಮೇಲ್ ಬರೆದೆ. ಯುದ್ಧದಿಂದ ಕುದುರೆಯೊಂದೇ ತಿರುಗಿ ಬರುತ್ತದೆ, ಮೇಲೆ ಕುಳಿತು ಹೋದವನಿಲ್ಲ. ಅವನ ತಂಗಿ ಆ ಕುದುರೆಯ ಕೊರಳು ಹಿಡಿದು ಅಣ್ಣನೆಲ್ಲಿ ಎಂದು ಕೇಳುತ್ತಾಳೆ. ನಿಧಾನಕ್ಕೆ ನುಡಿಸಬೇಕು, ಇತ್ಯಾದಿ. ಗ್ರೆಗ್‌ನಿಂದ ಒಂದೇ ಪದದ ಉತ್ತರ ಬಂತು: ಬ್ಯೂಟಿಫುಲ್. ಓದಿದ್ದಾನೆ ಎಂದುಕೊಂಡೆ.

ಆಮೇಲೆ ಅವನ ಬೇಡಿಕೆಗಳು ಶುರುವಾದವು. ಅಂಕಲ್ ರುಮಾಲು ಸುತ್ತಬೇಕು, ಧೋತರ ಉಡಬೇಕು. (“ಊರಾಗ ನಾ ಪ್ಯಾಂಟ್ ಹಾಕ್ಕೊಂಡ ಹಾಡ್ತಿದ್ದೆ” ಎಂದು ಅಂಕಲ್ ನಕ್ಕರು, ಆದರೂ ಉಟ್ಟರು.) ಎರಡನೆಯದು, ವೇದಿಕೆಯ ಮೇಲೆ ಅವರು ಕನ್ನಡವನ್ನಷ್ಟೇ ಮಾತಾಡಬೇಕು, ನಾನು ಪಕ್ಕದಲ್ಲಿ ನಿಂತು ಅನುವಾದಿಸಬೇಕು. ಇಪ್ಪತ್ತೈದು ವರ್ಷದಿಂದ ಗಿರಾಕಿಗಳ ಜೊತೆ ಇಂಗ್ಲಿಷಿನಲ್ಲಿ ಜಗಳವಾಡುತ್ತಿರುವ ಮನುಷ್ಯನಿಗೆ ದುಭಾಷಿ! ಇಂಗ್ಲಿಷ್ ಬರುವ ಜಾನಪದ ಕಲಾವಿದ ಅಷ್ಟು ಅಸಲಿಯಾಗಿ ಕಾಣುವುದಿಲ್ಲವಂತೆ. ಇದನ್ನು ಕೇಳಿ ನಾನು ಸಿಟ್ಟಾಗಬೇಕಿತ್ತು. ಹೊಸ ಜುಬ್ಬಾ ಇಸ್ತ್ರಿ ಮಾಡಿಸಿಕೊಂಡೆ.

ಇನ್ನು ನಮ್ಮ ಕನ್ನಡ ಸಂಘದ ವಿಷಯ. ಹೋದ ವರ್ಷ ರಾಜ್ಯೋತ್ಸವದಲ್ಲಿ ಹಾಡಲು ಅಂಕಲ್ ಐದು ನಿಮಿಷ ಕೇಳಿದ್ದರು. ಮೊಹರಂ ಪದ ರಾಜ್ಯೋತ್ಸವಕ್ಕೆ ಹೇಗೆ ಹೊಂದುತ್ತದೆ, ಒಂದು ಭಾವಗೀತೆ ಹಾಡಲಿ ಎಂದಿದ್ದರು ಅಧ್ಯಕ್ಷ ನಾಗೇಂದ್ರ. ಅಂದು ಅದೇ ವೇದಿಕೆಯಲ್ಲಿ ಇಪ್ಪತ್ತು ನಿಮಿಷ ಹಿಂದಿ ಸಿನಿಮಾ ಡ್ಯಾನ್ಸ್ ನಡೆಯಿತು. ಅದು ಹೇಗೆ ಹೊಂದಿತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ಸಲ ಬಿಳಿಯನೊಬ್ಬನ ಜಾಝ್ ತಂಡ ಕರೆದಿದೆ ಎಂದು ಗೊತ್ತಾದದ್ದೇ ತಡ, ಸಂಘದ ಹತ್ತು ಕುಟುಂಬಗಳು ಬಂದು ಮುಂದಿನ ಸಾಲು ಹಿಡಿದವು. ಕೈಯಲ್ಲಿ ಡಿಜಿಟಲ್ ಕ್ಯಾಮೆರಾ, ಕೊರಳಲ್ಲಿ ಹಳದಿ-ಕೆಂಪು ಶಾಲು.

ಅಂಕಲ್ ಕಣ್ಣು ಮುಚ್ಚಿ ಪದ ಎತ್ತಿದರು. ಮೊದಲೆರಡು ಸಾಲಿಗೆ ಪಾರ್ಕಿನ ಮಕ್ಕಳು ಕೂಡ ಸುಮ್ಮನಾದರು. ಮೂರನೆಯ ಸಾಲಿಗೆ ಗ್ರೆಗ್ ಕಾಲಿನಿಂದ ತಾಳ ಕೊಟ್ಟ. ಪಿಟೀಲು ಕುಣಿಯಿತು, ಅಕಾರ್ಡಿಯನ್ ಕುಣಿಯಿತು. ತಂಗಿ ಕುದುರೆಯ ಕೊರಳು ಹಿಡಿದು ಗೋಳಿಡುವ ಜಾಗದಲ್ಲಿ ಗ್ರೆಗ್ “ಕಮ್ ಆನ್, ಶಿಕಾಗೊ” ಎಂದು ಕೈ ಮೇಲೆತ್ತಿದ. ಜನ ಎದ್ದು ಚಪ್ಪಾಳೆ ತಟ್ಟತೊಡಗಿದರು. ನಮ್ಮ ಮುಂದಿನ ಸಾಲು ಎಲ್ಲರಿಗಿಂತ ಜೋರಾಗಿ ತಟ್ಟಿತು.

ಅಂಕಲ್ ಹಾಡು ನಿಲ್ಲಿಸಿದರು. ತಂಡ ನಿಲ್ಲಿಸಲಿಲ್ಲ. ಸ್ಯಾಕ್ಸೊಫೋನ್ ಸೋಲೋ ಬಹಳ ಹೊತ್ತು ನಡೆಯಿತು. ಹಾಡುವವನು ಸುಮ್ಮನೆ ನಿಂತಿರುವುದನ್ನು ಕಂಡು ಕೈ ತಡೆದವನು ಒಬ್ಬನೇ, ಡ್ರಮ್ಸ್ ಬಾರಿಸುವ ವಾಲ್ಟರ್. ವಯಸ್ಸಾದ ಕರಿಯ, ವಾರವಿಡೀ ಕಾರಿನ ಪ್ಲಾಂಟಿನಲ್ಲಿ ಕೆಲಸ, ವಾರಾಂತ್ಯಕ್ಕೆ ಈ ತಂಡ. ಅವನು ಕೋಲು ಕೆಳಗಿಟ್ಟ. ತಾಳ ಹೋದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ನಿಲ್ಲಿಸಬೇಕಾಯಿತು.

ಅಂಕಲ್ ಮೈಕ್ ಹತ್ತಿರ ಎಳೆದುಕೊಂಡು ಮುಂದಿನ ಸಾಲನ್ನೇ ನೋಡುತ್ತ ಮೆಲ್ಲಗೆ ಹೇಳಿದರು:

“ಇದು ಸತ್ತವರ ಪದ ಐತ್ರಿ. ಚಪ್ಪಾಳಿ ಹೊಡೀಬ್ಯಾಡ್ರಿ.”

ಕನ್ನಡ ಬಾರದವರು ಖುಷಿಯಿಂದ ಚಪ್ಪಾಳೆ ತಟ್ಟಿದರು. ಬರುವವರು ಪಕ್ಕದವರ ಮುಖ ನೋಡಿಕೊಂಡು ತಟ್ಟಿದರು.

ಏನು ಹೇಳಿದರು ಎಂದು ಗ್ರೆಗ್ ನನ್ನತ್ತ ಇನ್ನೊಂದು ಮೈಕ್ ಚಾಚಿದ. ನಾಗೇಂದ್ರ ಕುರ್ಚಿಯಿಂದ ಅರ್ಧ ಎದ್ದು ಪಿಸುಗುಟ್ಟಿದರು.

“ಥ್ಯಾಂಕ್ಸ್ ಅಂದ್ರು ಅಂತ ಹೇಳಿಬಿಡಿ ಸಾರ್. ನಮ್ಮೆಲ್ಲರ ಮರ್ಯಾದೆ ಪ್ರಶ್ನೆ.”

ಮುನ್ನೂರು ಜನ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಿಂದ ವಾರವಾರ ನಿಮಗೆ ಪ್ರಾಮಾಣಿಕತೆಯ ಬಗ್ಗೆ ಬೋಧಿಸುತ್ತಿರುವ ಈ ಅಂಕಣಕಾರ ಏನು ಹೇಳಿದ ಗೊತ್ತೇ?

“ಹೀ ಸೇಸ್ ಥ್ಯಾಂಕ್ಯೂ.”

ಅಂಕಲ್ ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಿರಲಿಲ್ಲ; ಅಳತೆ ತಪ್ಪಿದ ಬಟ್ಟೆಯನ್ನು ನೋಡುವ ಹಾಗಿತ್ತು. ಆಮೇಲೆ ಮೈಕಿಗೆ ಬಾಯಿ ಕೊಟ್ಟು, ಸ್ಪಷ್ಟವಾದ ಇಂಗ್ಲಿಷಿನಲ್ಲಿ, ನಾನು ಥ್ಯಾಂಕ್ಯೂ ಎಂದು ಹೇಳಲಿಲ್ಲ ಎಂದರು. ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದು ಪಾರ್ಕಿಂಗ್ ಲಾಟ್ ಕಡೆ ನಡೆದರು. ಜನ ನಕ್ಕರು. ಅದೂ ಕಾರ್ಯಕ್ರಮದ ಭಾಗ ಅಂದುಕೊಂಡರು. ಗ್ರೆಗ್ ಒಂದು ಐರಿಶ್ ಹಾಡು ಶುರು ಮಾಡಿದ.

ಸೋಮವಾರ ಬೆಳಿಗ್ಗೆ ಸಂಘದ ಗ್ರೂಪ್ ಇಮೇಲ್ ಬಂತು. ನಮ್ಮ ಜಾನಪದಕ್ಕೆ ಜಾಗತಿಕ ಮನ್ನಣೆ ಎಂಬ ತಲೆಬರಹ. ಕೆಳಗೆ ಏಳು ಫೋಟೊ. ಆರರಲ್ಲಿ ನಾಗೇಂದ್ರ ಮತ್ತು ಗ್ರೆಗ್. ಒಂದರಲ್ಲಿ ಅಂಕಲ್, ಅದೂ ಹಿಂದಿನಿಂದ. ಮೂವತ್ತು ಜನ ಅಭಿನಂದನೆ ಬರೆದಿದ್ದರು.

ಮಂಗಳವಾರ ಕ್ಷಮೆ ಕೇಳಲು ಸ್ಕೋಕಿಗೆ ಹೋದೆ. ಅಂಕಲ್ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದರು. ಕೂರಿಸಿ ಚಹಾ ಕೊಟ್ಟರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ, ಮುನ್ನೂರು ಜನರ ಮುಂದೆ ಏನು ಹೇಳಬೇಕೆಂದೇ ತೋಚಲಿಲ್ಲ ಎಂದೆಲ್ಲ ನಾನು ಸಮಜಾಯಿಷಿ ಕೊಡುತ್ತಿದ್ದೆ. ಅವರು ತಡೆದರು.

“ಅವರಿಗೆ ಹೇಳೂದಿದ್ರ ಇಂಗ್ಲಿಷಿನ್ಯಾಗ ಹೇಳ್ತಿದ್ದೆ. ನಾ ಹೇಳಿದ್ದು ನಿಮಗ.”

ಚಹಾ ಆರುತ್ತಿತ್ತು. ಮತ್ತೆ ಪ್ಯಾಂಟಿನ ಅಂಚಿಗೆ ಸೂಜಿ ಹಾಕುತ್ತ ಅವರೇ ಹೇಳಿದರು, ಹಿಂದಿನ ದಿನ ವಾಲ್ಟರ್ ಪ್ಲಾಂಟಿನಿಂದ, ಊಟದ ಬ್ರೇಕಿನಲ್ಲಿ ಫೋನ್ ಮಾಡಿದ್ದನಂತೆ. ನನ್ನ ಇಮೇಲನ್ನು ಗ್ರೆಗ್ ಯಾರಿಗೂ ತೋರಿಸಿರಲಿಲ್ಲ; ಆ ಪದದ ಕಥೆಯನ್ನು ವಾಲ್ಟರ್ ಕೇಳಿದ್ದು ಅಂದು ಅಂಕಲ್ ಬಾಯಿಂದಲೇ. ಕುದುರೆ ಒಂದೇ ಬಂದದ್ದೇಕೆ, ತಂಗಿ ಆಮೇಲೆ ಏನಾದಳು, ತಾನು ಎಲ್ಲಿ ಬಾರಿಸಬಾರದಿತ್ತು ಎಂದು ಒಂದೊಂದು ಸಾಲನ್ನೂ ಅವನು ಬಿಡಿಸಿ ಕೇಳಿದನಂತೆ. ಬ್ರೇಕ್ ಮುಗಿಯುವವರೆಗೂ ಅಂಕಲ್ ಹೇಳುತ್ತಲೇ ಇದ್ದರಂತೆ.

ಕನ್ನಡದ ಒಂದಕ್ಷರ ಬಾರದವನಿಗೆ ಆ ಪದದ ಅರ್ಥ ಬೇಕಾಯಿತು; ನಮಗೇಕೆ ಫೋಟೊ ಸಾಕಾಯಿತು?