ಪ್ರೀವಿಯಸ್ ಅಂದರೆ ಮುಗಿದದ್ದಲ್ಲ

ಬೆಳಿಗ್ಗೆ ಎದ್ದು ಹಂಡೆಗೆ ನೀರು ತುಂಬಿದೆ. ರೊಟ್ಟಿ ತಟ್ಟಿದೆ, ಮಗಳಿಗೆ ಜಡೆ ಹೆಣೆದೆ, ಮಾವನವರ ಧೋತರಕ್ಕೆ ನೀಲಿ ಹಾಕಿ ಒಣಹಾಕಿದೆ. ಹರಿಹರದಲ್ಲಿ ರೈಲು ಹಿಡಿದು ದಾವಣಗೆರೆಗೆ ಹೋಗಿ ಒಂಬತ್ತನೇ ತರಗತಿಗೆ ಇಂಗ್ಲಿಷ್ ವ್ಯಾಕರಣ ಹೇಳಿದೆ. ಅರವತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಅಸಿಸ್ಟೆಂಟ್ ಟೀಚರ್. ಅಲ್ಲಿಯವರೆಗೆ ಆ ದಿನ ಉಳಿದ ದಿನಗಳ ಹಾಗೆಯೇ ಇತ್ತು.

ಆ ಬೇಸಿಗೆಯಲ್ಲಿ ಎಂ.ಎ. ಇಂಗ್ಲಿಷ್ ಕಟ್ಟಲು ನಿರ್ಧರಿಸಿದ್ದೆ. ನೌಕರಿಯಲ್ಲಿದ್ದುಕೊಂಡೇ ಖಾಸಗಿಯಾಗಿ ಪರೀಕ್ಷೆಗೆ ಕೂರಲು ಶಿಕ್ಷಕರಿಗೆ ಅವಕಾಶವಿತ್ತು. ಮೊದಲ ವರ್ಷದ ಪರೀಕ್ಷೆಗೆ ಪ್ರೀವಿಯಸ್, ಎರಡನೆಯದಕ್ಕೆ ಫೈನಲ್ ಎಂದು ಹೆಸರು. ಮಳೆಗಾಲಕ್ಕೆ ನಾಟಕ, ದಸರೆಯಿಂದ ಸಂಕ್ರಾಂತಿವರೆಗೆ ಕಾವ್ಯ, ಆಮೇಲೆ ಭಾಷೆಯ ಚರಿತ್ರೆ. ಮರುವರ್ಷ ಉಳಿದ ಪೇಪರುಗಳು. ಹೀಗೆ ಯೋಜನೆ ಹಾಕಿ ಮಾವನವರ ಅಪ್ಪಣೆ ಕೇಳಿದ್ದೆ. ಅವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದವರು.

"ಪ್ರೀವಿಯಸ್ ಆದಮ್ಯಾಲೆ ಫೈನಲ್ ಒಂದು ವರ್ಷ ಐತ್ರಿ" ಎಂದಿದ್ದೆ.

"ಒಂದು ವರ್ಷ ತಾನೆ? ಓದವ್ವ" ಎಂದಿದ್ದರು.

ಅಂದು ವ್ಯಾಕರಣದ ಪಾಠ ಮುಗಿಸಿ ಬಂದಾಗ ಹೆಡ್‌ಮಿಸ್ಟ್ರೆಸ್ ತಡೆದು ನಿಲ್ಲಿಸಿದರು. "ಪ್ರೀವಿಯಸ್ ಮುಗಿದೈತಂತೆ, ಬಾಯೇ ಬಿಡಲಿಲ್ವಲ್ರಿ ನೀವು. ನಿಮ್ಮ ಮಾವನೋರು ನಮ್ಮ ಸಂಸ್ಥೆ ಚೇರ್ಮನ್ನರಿಗೆ ಮಾತು ಕೊಟ್ಟಾರೆ. ಬರೋ ವರ್ಷ ಕಾಲೇಜು ತೆರೆದ್ರೆ ಇಂಗ್ಲಿಷ್ ಲೆಕ್ಚರರ್ ನೀವೇ ಅಂತೆ."

ಪ್ರೀವಿಯಸ್ ಎಂದರೆ ಮುಗಿದದ್ದು ಎಂದು ಮಾವನವರು ತಿಳಿದಿದ್ದರೆಂಬುದು ಆಗ ಹೊಳೆಯಿತು. ಸುಮ್ಮನಿದ್ದರೆ ಬರುವ ವರ್ಷ ನಾನು ಸುಳ್ಳಿ, ಮಾವನವರು ಮಾತಿಗೆ ತಪ್ಪಿದವರು. ಹೇಳಿದರೆ ಅವರ ಇಂಗ್ಲಿಷಿಗೇ ತಪ್ಪು ಹಿಡಿದಂತೆ. ಓಣಿಯವರ ಟೆಲಿಗ್ರಾಂ ಎಲ್ಲ ಅವರೇ ಓದಿ ಹೇಳುತ್ತಿದ್ದರು. ಸಿಟ್ಟಿನಲ್ಲಿ ಓದೇ ಬ್ಯಾಡ ಅಂದರೆ? ರೈಲಿನಲ್ಲಿ ಕೂತಾಗ ಹರಿಹರ ಬಾರದೇ ಇರಲಿ ಎನಿಸಿತು.

ಮಾವನವರು ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಒಳಗೆ ಹೋದರೆ ಧೈರ್ಯ ಹೋದೀತೆಂದು ಅಲ್ಲೇ ನಿಂತು ಹೇಳಿದೆ.

"ಮಾವಾರೆ, ಪ್ರೀವಿಯಸ್ ಇನ್ನೂ ಆಗಿಲ್ರಿ."

"ಪ್ರೀವಿಯಸ್ ಅಂದ್ರೆ ಹಿಂದಿಂದು. ಪ್ರೀವಿಯಸ್ ಸ್ಟೇಷನ್ ಅಂದ್ರೆ ಗಾಡಿ ದಾಟಿ ಬಂದಿದ್ದು. ನನಗೇ ಹೇಳಿಕೊಡ್ತೀಯೇನು?"

"ಪರೀಕ್ಷೆ ಹೆಸರೇ ಹಂಗೈತ್ರಿ. ನಾನಿನ್ನೂ ಗಾಡಿನೇ ಹತ್ತಿಲ್ರಿ."

ಎಲೆ ಅವರ ಕೈಯಲ್ಲೇ ಉಳಿಯಿತು. "ಮುಂದೆ ಬರೋ ಸ್ಟೇಷನ್ನಿಗೆ ಹಿಂದಿಂದು ಅಂತ ಯಾವ ಪುಣ್ಯಾತ್ಮ ಹೆಸರಿಟ್ಟ?" ಎಂದು ಎದ್ದು ಒಳಗೆ ಹೋದರು. ಕೋಟು ಹಾಕಿಕೊಂಡು ಹೊರಬಂದರು.

"ಎಲ್ಲಿಗ್ರೀ?"

"ದಾವಣಗೆರೆಗೆ. ಕೊಟ್ಟ ಮಾತು ವಾಪಸ್ ತರಾಕೆ."

ದೀಪ ಹಚ್ಚುವವರೆಗೂ ಒಲೆಯಿಂದ ಬಾಗಿಲಿಗೆ ಓಡಾಡುತ್ತಲೇ ಇದ್ದೆ. ಬಂದವರು ಕೋಟು ಬಿಚ್ಚುತ್ತ, "ಎರಡು ವರ್ಷ ಬೇಕು ಅಂದೆ. ಕಾಯ್ತೀವಿ ಅಂತ ಅವರೇನೂ ಅನ್ನಲಿಲ್ಲ. ನೀ ಓದು" ಎಂದರು.

ಕಾಲೇಜಿನ ಆ ಹುದ್ದೆಗೆ ಬೇರೆ ಊರಿನವರು ಬಂದರು. ನಾನು ಹೈಸ್ಕೂಲಿನಲ್ಲೇ ಇದ್ದು ಪ್ರೀವಿಯಸ್ಸನ್ನೂ ಫೈನಲ್ಲನ್ನೂ ಮುಗಿಸಿದೆ. ಮುಂದೆ ಯಾವ ಹುಡುಗಿಯ ಓದಿಗೆ ಯೋಜನೆ ಹಾಕಿಕೊಡುವಾಗಲೂ ಅವಳ ಮನೆಯವರನ್ನು ಕರೆಸಿ, "ನೀವು ಏನು ತಿಳ್ಕೊಂಡೀರಿ, ನೀವೇ ಒಂದ್ಸಲ ಹೇಳ್ರಿ" ಎನ್ನುತ್ತಿದ್ದೆ. ನಮಗೆ ತಿಳಿದ ಮಾತು ಎದುರಿನವರಿಗೂ ಹಾಗೆಯೇ ತಿಳಿದಿದೆ ಎಂದು ಹೊರಟರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಮಾವನವರು ದಾವಣಗೆರೆಯಿಂದ ಬಂದ ಆ ರಾತ್ರಿ ಬೆಳಗಿನ ರೊಟ್ಟಿಯನ್ನೇ ಮಜ್ಜಿಗೆಯಲ್ಲಿ ನೆನೆಸಿ ಉಂಡೆವು, ಜೊತೆಗೆ ಪುಂಡಿಪಲ್ಯ. ಮಗ, ಅಂದರೆ ನನ್ನ ಯಜಮಾನರು, ಕಾರ್ಖಾನೆಯ ಸೆಕೆಂಡ್ ಶಿಫ್ಟ್ ಮುಗಿಸಿ ಮನೆಗೆ ಬರುವವರೆಗೆ ಎಂದೂ ಮಲಗದ ಮಾವನವರು ಅಂದು ಹಗುರಾದವರಂತೆ ಎಲ್ಲರಿಗಿಂತ ಮೊದಲು ನಿದ್ದೆ ಹೋದರು.